ಸಾಲಿನಲ್ಲಿ ಸರಿಯದ ಕೊಡ

ಫೋನು ಎತ್ತಿದ ಕೂಡಲೇ "ಯಾವೂರು?" ಎಂದು ಕೇಳುವುದು ನಮ್ಮ ತಾಳವಾಡಿ ಎಕ್ಸ್‌ಚೇಂಜಿನ ರೂಢಿ. ಹೆಸರು ಆಮೇಲೆ, ನಂಬರು ಅದಕ್ಕೂ ಆಮೇಲೆ. ಘಟ್ಟದ ಕೆಳಗೆ ತರಬೇತಿಗೆ ಹೋದಾಗ ಮೊದಲು ನಂಬರು ಕೇಳಬೇಕು ಎಂದು ಕಲಿಸಿದರು. ನಾನೂ ಚೆನ್ನಾಗಿ ತಲೆಯಾಡಿಸಿದೆ. ಮರಳಿ ಬಂದು ಕುರ್ಚಿಯಲ್ಲಿ ಕೂತು ಮೊದಲ ಫೋನು ಎತ್ತಿದಾಗ ಬಾಯಿಂದ ಬಂದದ್ದು ಮತ್ತೆ "ಯಾವೂರು?" ಎಂದೇ. ಬೆಟ್ಟದ ಮೇಲಿನವರಿಗೆ ಊರು ತಿಳಿಯದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಊರು ಹೇಳಿದರೆ ಅಲ್ಲಿ ಮಳೆಯಾಯಿತಾ, ರಾಗಿ ಹೇಗಿದೆ, ನಮ್ಮ ಚಿಕ್ಕಪ್ಪನ ಬೀಗರು ಹುಷಾರಾಗಿದ್ದಾರಾ ಎಂದೆಲ್ಲ ಕೇಳಿ ಆದ ಮೇಲೆಯೇ ನಂಬರಿನ ಸುದ್ದಿ.

ನನ್ನ ತಂಗಿಯ ಮಗಳು ಈಗ ಒಂದು ಫೋನು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಜನರ ದೂರು ಕೇಳಿ ಬರೆದುಕೊಳ್ಳುವ ಕೆಲಸ. "ದೊಡ್ಡಮ್ಮ, ನೀವು ಇಷ್ಟು ವರ್ಷ ಅಲ್ಲಿ ಕೂತು ಏನು ಮಾಡ್ತಿದ್ರಿ?" ಎಂದು ಕೇಳಿದಳು. ಅವಳಿಗೂ, ಅವಳಂತೆ ಹೊಸದಾಗಿ ಕೂರುವವರಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಪಣಕಹಳ್ಳಿಯ ನಾಗಮ್ಮಣ್ಣಿ. ಎಕ್ಸ್‌ಚೇಂಜಿನಲ್ಲಿ ಎಲ್ಲರೂ ನಾಗಕ್ಕ ಎನ್ನುತ್ತಿದ್ದರು. ವಯಸ್ಸಾಗುವ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮಂಡಿ ನೋವು ಒಂದು ಕಾರಣ, ಕೇಳುವ ಕಿವಿ ದಣಿದದ್ದು ಇನ್ನೊಂದು.

ಏನು ಮಾಡುತ್ತಿದ್ದೆವು ಎಂದರೆ, ಬೆಳಿಗ್ಗೆ ಬಂದ ತಕ್ಷಣ ಬ್ಯಾಟರಿ ಕೋಣೆಯ ಕಿಟಕಿ ತೆಗೆಯುವುದು, ಬ್ಯಾಟರಿಗಳ ನೀರು ನೋಡುವುದು, ತಂತಿಗಳ ಚೌಕಟ್ಟಿನ ಸಂದಿಯಿಂದ ಹಲ್ಲಿ ಓಡಿಸುವುದು. ಹಲ್ಲಿ ಕೂತ ಕಡೆ ಎರಡು ಮನೆಯ ಮಾತು ಒಂದರೊಳಗೊಂದು ಸೇರಿಬಿಡುತ್ತಿತ್ತು. ಗುಡುಗಿದ ಮರುದಿನವಂತೂ ಮೊದಲು ಎಲ್ಲ ಸಾಲುಗಳನ್ನೂ ಮುಟ್ಟಿ ನೋಡಿ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯಬೇಕು. ಅಷ್ಟು ಹೊತ್ತಿಗೆ ಲೈನ್‌ಮನ್ ಸಿದ್ದರಾಜು ಬಂದು ಬಾಗಿಲಲ್ಲಿ ನಿಂತಿರುತ್ತಿದ್ದ.

ಸಿದ್ದರಾಜು ಗೆಟ್ಟವಾಡಿಯವನು. ಅವನ ಅಪ್ಪ, ತಾತ ಎಲ್ಲ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಇವನು ಫೋನು ಕಂಬಕ್ಕೆ ಗುಂಡಿ ತೋಡುವ ದಿನಗೂಲಿಗೆ ಬಂದು, ಗುಂಡಿಯಿಂದ ಕಂಬದ ತುದಿಗೆ ಹತ್ತಿದವನು. "ಅಕ್ಕಾ, ನಂ ಮನೇಲಿ ನಾನೇ ಕಣ ಎಲ್ರಿಗಿಂತ ಮೇಲಕ್ಕೋದವ" ಎಂದು ಕಂಬದ ಮೇಲಿಂದಲೇ ಹೇಳಿ ನಗುತ್ತಿದ್ದ.

ಆಗ ದೂರುಗಳನ್ನು ಚೀಟಿಯಲ್ಲಿ ಬರೆದು ಮೊನಚು ಕಂಬಿಗೆ ಚುಚ್ಚುತ್ತಿದ್ದೆವು. ಚೀಟಿಯ ತಲೆಯಲ್ಲಿ ಊರು, ಕೆಳಗೆ ಹೆಸರು, ನಂಬರು, ಏನು ತೊಂದರೆ. ಬೆಳಿಗ್ಗೆ ಸಿದ್ದರಾಜು ಕಂಬಿಯಿಂದ ಚೀಟಿಗಳನ್ನು ಇಡಿಯಾಗಿ ಎಳೆದು, ಬೋರಲು ಹಾಕಿ, ಅಡಿಯಲ್ಲಿದ್ದ ಹಳೆಯ ಚೀಟಿಯಿಂದ ಎಣಿಸಲು ಶುರುಮಾಡುತ್ತಿದ್ದ. ಚೀಟಿ ಬೋರಲು ಹಾಕುವ ಆ ಒಂದು ಕೈಚಳಕದಲ್ಲಿ ಎಷ್ಟು ನ್ಯಾಯವಿತ್ತು ಎಂಬುದು ಅದು ನಿಂತ ಮೇಲೆ ತಿಳಿಯಿತು.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲಕ್ಕೆ ನಮಗೆ ಒಂದು ಕಂಪ್ಯೂಟರ್ ಬಂತು. ಮೇಲಿನ ಕಚೇರಿಯಲ್ಲಿ ಬೇಡವಾದದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಕರ್ರೋ ಎಂದು ಅಳುವ ಪ್ರಿಂಟರು. ಅದರ ಜೊತೆಗೆ ಬಂದವರು ಕಿರಿಯ ಅಧಿಕಾರಿ ಮುರುಗೇಶನ್. ಕನ್ನಡ ಮಾತಾಡಿದರೂ ತಾಳವಾಡಿ ತಮಿಳುನಾಡಿಗೆ ಸೇರಿದ್ದು; ಇವರು ಘಟ್ಟದ ಕೆಳಗಿನ ಗೋಬಿ ಕಡೆಯ ತಮಿಳರು, ಎಳೆ ವಯಸ್ಸು. ನಮ್ಮ ಕನ್ನಡವನ್ನು ಸಂತೆಯಲ್ಲಿ ತರಕಾರಿ ಕೊಳ್ಳುತ್ತ ಕಲಿತರು, ಹಾಗಾಗಿ ಮಾತಲ್ಲಿ ಯಾವಾಗಲೂ ಚೌಕಾಸಿ ಮಾಡಿದ ಧ್ವನಿ. ನನ್ನ ಸರ್ವೀಸಿನಲ್ಲಿ ಕಂಡ ಮೇಲಧಿಕಾರಿಗಳಲ್ಲಿ ಟೇಬಲ್ಲಿನ ಈಚೆ ಬದಿಗೆ ಬಂದು ಕೂತು ಕಲಿಸಿದವರು ಅವರೊಬ್ಬರೇ.

"ಅಕ್ಕಾ, ಇನ್ನು ಚೀಟಿ ವೇಣಾಂ. ಒಂದು ದೂರಿಗೆ ಒಂದು ಸಾಲು. ಸಾಲಾಗಿ ಟೈಪು ಅಡಿಚ್ಚಿ ಬಿಡಿ, ಜೋಡಿಸೋದು ನನ್ನ ಪ್ರೋಗ್ರಾಂ ನೋಡಿಕೊಳ್ತದೆ" ಎಂದರು.

ನನಗೆ ಭಯ. ಜೋಡಿಸುವುದು ಹೇಗೆ ಎಂದು ಗೊತ್ತಾಗದೆ ಟೈಪು ಮಾಡಲು ಕೈ ಬರಲಿಲ್ಲ. ಅವರು ಹಳೆಯ ಚೀಟಿಗಳನ್ನು ಟೇಬಲ್ಲಿನ ಮೇಲೆ ಒಂದರ ಕೆಳಗೊಂದು ಇಟ್ಟು ತೋರಿಸಿದರು. ಮೇಲಿನ ಎರಡನ್ನು ನೋಡು. ಮೊದಲನೇ ಅಕ್ಷರ ಯಾವುದು ಮುಂಚೆ ಬರುತ್ತದೋ ಅದು ಮೇಲಿರಲಿ. ಇಲ್ಲದಿದ್ದರೆ ಅದಲು ಬದಲು ಮಾಡು. ಒಂದೇ ಅಕ್ಷರವಾದರೆ ಎರಡನೆಯದನ್ನು ನೋಡು. ಆಮೇಲೆ ಮುಂದಿನ ಜೋಡಿ. ತುದಿ ಮುಟ್ಟಿದ ಮೇಲೆ ಮತ್ತೆ ಮೇಲಿಂದ. ಅದಲು ಬದಲು ಮಾಡುವುದಕ್ಕೆ ಏನೂ ಉಳಿಯದಿದ್ದರೆ ಕೆಲಸ ಮುಗಿಯಿತು.

"ಇಷ್ಟೇನಾ ಸರ್?" ಎಂದೆ.

"ಇಷ್ಟೇ. ಅದಕ್ಕೆ ಬೇರೆ ಬುದ್ಧಿ ಇಲ್ಲೈ."

ರಾಗಿ ಜಾಲಿಸುವುದು ನೆನಪಾಯಿತು. ಬೋಗುಣಿಯನ್ನು ಆಡಿಸಿದಷ್ಟೂ ಕಲ್ಲು ತಳಕ್ಕೆ ಇಳಿಯುತ್ತದೆ, ರಾಗಿ ಮೇಲೆ ಬರುತ್ತದೆ. ಭಯ ಹೋಯಿತು.

ತಮಾಷೆಗಳೂ ಆದವು. ಮೊದಲ ದಿನ ಓದಲು ಚೆಂದವಾಗಿರಲಿ ಎಂದು ಎರಡೆರಡು ಸಾಲಿನ ನಡುವೆ ಒಂದು ಖಾಲಿ ಸಾಲು ಬಿಟ್ಟಿದ್ದೆ. ಪ್ರೋಗ್ರಾಂ ಓಡಿಸಿದಾಗ ಖಾಲಿ ಸಾಲುಗಳೆಲ್ಲ ಮೇಲೆದ್ದು ಕೂತವು. ಪ್ರಿಂಟರು ಬಹಳ ಹೊತ್ತು ಬರೀ ಬಿಳಿ ಕಾಗದ ಉಗುಳಿತು. ಸಿದ್ದರಾಜು ಅದನ್ನು ಎತ್ತಿ ಹಿಡಿದು, "ಆಹಾ, ಒಂದ್ ದೂರೂ ಇಲ್ವಲ್ಲಕ್ಕಾ! ನಾ ಮನೇಗೋಯ್ತೀನಿ" ಎಂದು ನಿಜವಾಗಿ ಸೈಕಲ್ ಹತ್ತಿದ.

ಇನ್ನೊಮ್ಮೆ ನಾನು ರಜದಲ್ಲಿದ್ದಾಗ ಬದಲಿಗೆ ಬಂದವರು ಗೆಟ್ಟವಾಡಿಯನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಟೈಪು ಮಾಡಿದ್ದರು. ನಾವು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆಯುವವರು. ಆ ಯಂತ್ರಕ್ಕೆ ದೊಡ್ಡ ಅಕ್ಷರಗಳೆಲ್ಲ ಮೊದಲು, ಸಣ್ಣವು ಆಮೇಲೆ. ಗೆಟ್ಟವಾಡಿಯ ಗೊಬ್ಬರದಂಗಡಿಯವರ ದೂರು ಎಲ್ಲರಿಗಿಂತ ಕೆಳಗೆ ಬಿತ್ತು. ಅವರು ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಗಾಡಿ ತಿರುಗಿಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ಕೂಗಾಡಿದರು: "ಏನ್ಲಾ ಸಿದ್ದ, ನಿಮ್ಮೂರ್ನೇ ಮರ್ತ್ ಬುಟ್ಯಾ? ನಿಮ್ಮಪ್ಪನ್ಗೇ ಏಳ್ತೀನಿ ಇರು!" ಅದೇ ದಿನ ಅವರ ಫೋನು ಸರಿಯಾಯಿತು. ಆಗ ನಾವು ನಕ್ಕೆವು, ಅಷ್ಟೇ. ಕೂಗಲು ಬಂದವರ ಸಾಲು ಒಂದೇ ದಿನದಲ್ಲಿ ಮೇಲೇರಿದ್ದನ್ನು ಯಾರೂ ಎತ್ತಿ ಆಡಲಿಲ್ಲ.

ತಾಳಮಲೆಯವರು ಕೂಗುವವರಲ್ಲ.

ತಾಳಮಲೆ ಕಾಡಿನೊಳಗಿನ ಊರು. ಅಲ್ಲಿಗೆ ತಂತಿ ಎಳೆದರೆ ಆನೆಗಳು ಕಂಬಕ್ಕೆ ಮೈಯುಜ್ಜಿ ಕೆಡವುತ್ತವೆಂದು ರೇಡಿಯೋ ಫೋನು ಕೊಟ್ಟಿದ್ದರು. ಎತ್ತರದ ಕಂಬದಲ್ಲಿ ಏರಿಯಲ್, ಕೆಳಗೆ ಒಂದು ಪೆಟ್ಟಿಗೆ, ಬ್ಯಾಟರಿ. ಇಡೀ ಊರಿಗೆ ಅದೊಂದೇ. ಫೋನು ಇದ್ದದ್ದು ಜಡೆಯಮ್ಮನ ಮನೆಯ ಜಗಲಿಯಲ್ಲಿ. ಸೋಲಿಗರ ಹೆಂಗಸು, ನನಗಿಂತ ಹಿರಿಯಳು. ಊರಿನವರಿಗೆ ಬಂದ ಕರೆಗೆ ಓಡಿಹೋಗಿ ಕರೆತರುವುದು, ಯಾರಿಗಾದರೂ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಗಾಡಿ ಕೇಳಿ ಫೋನು ಮಾಡುವುದು, ಎಲ್ಲ ಅವಳದೇ. ಅವಳ ಒಬ್ಬಳೇ ಮಗಳು ಭದ್ರಿ ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಭಾನುವಾರ ಭಾನುವಾರ ಅವಳ ಫೋನು ಬರುತ್ತಿತ್ತು. ಹಾಸ್ಟೆಲಿಗೆ ಸೇರಿದ ಹೊಸತರಲ್ಲಿ ಭದ್ರಿ, "ಇಲ್ಲಿ ಮರನೇ ಇಲ್ಲವ್ವ, ನಾ ಬತ್ತೀನಿ" ಎಂದು ಅಳುತ್ತಿದ್ದಳಂತೆ. ಜಡೆಯಮ್ಮ ಫೋನಿನಲ್ಲೇ ಸಮಾಧಾನ ಮಾಡಿ ಮುಂದಿನ ಭಾನುವಾರದವರೆಗೆ ತಳ್ಳುತ್ತಿದ್ದಳು. ಹಾಗೆ ವಾರದಿಂದ ವಾರಕ್ಕೆ ತಳ್ಳುತ್ತ ಓದು ನಡೆದಿತ್ತು.

ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಆ ಫೋನು ಸತ್ತಿತು. ಜಡೆಯಮ್ಮ ಸಂತೆಗೆ ಬಂದವಳು ಮಾರಲು ತಂದ ಪೊರಕೆ ಕಟ್ಟುಗಳನ್ನು ಇಳಿಸುವ ಮೊದಲು ನಮ್ಮಲ್ಲಿಗೆ ಬಂದು ಹೇಳಿದಳು. ನಾನು ಸಾಲು ಟೈಪು ಮಾಡಿದೆ. ಊರು ಮೊದಲು, ಆಮೇಲೆ ಹೆಸರು, ನಂಬರು, ತೊಂದರೆ. ಚೀಟಿಯಲ್ಲಿ ಬರೆಯುತ್ತಿದ್ದ ಹಾಗೆಯೇ.

ಮುಂದಿನ ಸಂತೆಗೆ ಮತ್ತೆ ಬಂದಳು. "ಅವ್ವಾ, ಪೋನು ಇನ್ನೂ ಸತ್ತೇ ಅದ."

"ಪಟ್ಟೀಲಿ ಇದೆ ಜಡೆಯಮ್ಮ. ಬರ್ತಾರೆ."

"ಪಟ್ಟೀಲಿ ಅದ ಅಂದ್ರ ಸರಿ ಬುಡು." ಮೇಜಿನ ಮೇಲೆ ಒಂದು ಹಿಡಿ ಬೆಟ್ಟದ ನೆಲ್ಲಿಕಾಯಿ ಇಟ್ಟು ಹೋದಳು.

ಸಂತೆಗಳು ಕಳೆದವು. ನೆಲ್ಲಿಕಾಯಿ ಬರುತ್ತಲೇ ಇತ್ತು, ನಾನು ಉಪ್ಪಿನಕಾಯಿಯನ್ನೂ ಹಾಕಿದೆ. ಸಿದ್ದರಾಜುವನ್ನು ಕೇಳಿದರೆ, "ಪಟ್ಟಿ ಇಡ್ಕಂಡೇ ಓಯ್ತಾವ್ನಿ ಅಕ್ಕಾ. ಮೇಲಿಂದ ಮಾಡ್ಕ ಬತ್ತೀನಿ. ಒತ್ತಿಳಿದ್ಮೇಲೆ ಆ ಕಾಡು ದಾರೀಲಿ ಓಗಾಕಾದ್ದಾ? ದಿಣ್ಣೆ ಮೇಲೇ ಆನೆ ನಿಂತಿರ್ತವ" ಎನ್ನುತ್ತಿದ್ದ. ಸುಳ್ಳಲ್ಲ. ಮಳೆಗಾಲದಲ್ಲಿ ದೂರುಗಳು ದಿನವೂ ಹೊಸದಾಗಿ ಬರುತ್ತಿದ್ದವು. ಪಟ್ಟಿಯ ತುದಿ ಮುಟ್ಟುವುದರೊಳಗೆ ಸಂಜೆಯಾಗುತ್ತಿತ್ತು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಆದೇಶ ಬಂತು. ಕರೆಗಳೇ ಇಲ್ಲದ ಹಳ್ಳಿ ಫೋನುಗಳನ್ನು ಕಳಚಿ ಬೇರೆ ಕಡೆ ಕೊಡಬೇಕು. ತಿಂಗಳ ಕೊನೆಗೆ ಕಳಚುವವರು ಬರುತ್ತಾರೆ. ನಮ್ಮ ಕಡೆಯಿಂದ ಇದ್ದದ್ದು ತಾಳಮಲೆ ಒಂದೇ.

"ಸರ್, ಅದು ಕೆಟ್ಟಿದೆ. ಕೆಟ್ಟ ಫೋನಿಂದ ಯಾರು ಮಾತಾಡ್ತಾರೆ?" ಎಂದೆ.

ಮುರುಗೇಶನ್ ತಲೆ ಕೆರೆದುಕೊಂಡರು. "ನನಗೆ ತೆರಿಯುಂ, ಗೊತ್ತು ಅಕ್ಕಾ. ಕರೆ ಎಣಿಸೋ ಮೀಟರಿಗೆ ತೆರಿಯಾದು. ಇಷ್ಟು ದಿವಸ ಯಾಕೆ ರಿಪೇರಿ ಆಗಲಿಲ್ಲ ಅಂತ ಅವರು ಕೇಳಿದ್ರೆ ನಾನು ಏನು ಹೇಳಲಿ?"



ಆ ವಾರದ ಸಂತೆಗೆ ಜಡೆಯಮ್ಮ ಬಂದಾಗ ವಿಷಯ ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತಳು. ಪೊರಕೆ ಕಟ್ಟು ಜಾರಿ ಬಿದ್ದರೂ ಎತ್ತಲಿಲ್ಲ.

"ಓದ್ ವಾರ ಭದ್ರಿ ಆಸ್ಟೆಲ್ ಬುಟ್ಟು ಬಂದ್ಬುಟ್ಟಿದ್ಲು ಕಣವ್ವ. ಪೋನು ಎತ್ತಾಕಿಲ್ಲ, ನೀ ಸತ್ತೇ ಓಗಿದ್ದೀಯ ಅನ್ಕಂಡೆ ಅಂತ ಅತ್ತುಬುಟ್ಲು. ನಾನೇ ಬಸ್ಸತ್ತಿಸಿ ಕಳಿಸ್ದೆ. ಇನ್ನೊಂದ್ ದಪ ಬಂದ್ರ ಓಗಾಕಿಲ್ಲ ಅವ್ಳು." ತಲೆ ಎತ್ತಿದಳು. "ಅದೇನೋ ಪಟ್ಟಿ ಅಂತೀಯಲ್ಲ. ಅದ್ರಾಗ ನಾ ಎಲ್ಲಿವ್ನಿ, ತೋರ್ಸು."

ಪ್ರಿಂಟು ತಂದು ತೋರಿಸಿದೆ. "ಇಗೋ, ಇಲ್ಲಿ. ಕಡೇ ಸಾಲು."

"ಓದ್ ಸಂತೇಲಿ?"

ಹಳೆಯ ಪ್ರಿಂಟುಗಳು ಮೊಳೆಯಲ್ಲಿ ನೇತಾಡುತ್ತಿದ್ದವು. ಒಂದೊಂದಾಗಿ ತಿರುವಿದೆ. ಕಡೇ ಸಾಲು. ಕಡೇ ಸಾಲು. ಅದರ ಹಿಂದಿನದರಲ್ಲೂ ಕಡೇ ಸಾಲು.

ಜಡೆಯಮ್ಮ ನಕ್ಕಳು, ಅದೇ ಅಳುವಿನ ಮುಖದಲ್ಲಿ. "ನಮ್ಮೂರ್ ನಲ್ಲಿ ತಾವ ಕೊಡ ಇಟ್ಟು ಗೇಯಾಕೋಯ್ತೀವಿ. ಮುಂದ್ಲ ಕೊಡ ತುಂಬುದ್ರ ಮಿಕ್ಕಿದ್ದೆಲ್ಲ ಒಂದೊಂದ್ ಎಜ್ಜೆ ಸರೀತವ. ಯಾರಿಲ್ದಿದ್ರೂ ಯಾರಾದ್ರೂ ಸರುಸ್ತಾರ. ನಿಮ್ ಸಾಲ್ನಾಗ ನನ್ ಕೊಡ ಇಟ್ಟಲ್ಲೇ ಅದಲ್ಲವ್ವ? ಬಂದೋರೆಲ್ಲ ಮುಂದ್ಕೇ ನಿಂತ್ಕಳ ಸಾಲು ಯಾವ್ದಿದು?"

ಅವಳನ್ನು ಸಂತೆಗೆ ಕಳಿಸಿ, ಪರದೆಯ ಮುಂದೆ ಕೂತು ನೋಡುತ್ತಲೇ ಇದ್ದೆ. ಗೆಟ್ಟವಾಡಿ ಇಂಗ್ಲಿಷಿನ ಜಿ. ಪಣಕಹಳ್ಳಿ ಪಿ. ತಾಳಮಲೆ ಟಿ. ತಾಳವಾಡಿ ಊರೊಳಗಿನ ದೂರುಗಳಿಗೆ ಬೇರೆ ಫೈಲು, ಅವನ್ನು ನಡೆದೇ ಹೋಗಿ ಮುಗಿಸುತ್ತಿದ್ದೆವು. ಹಾಗಾಗಿ ಈ ಫೈಲಿನಲ್ಲಿ ತಾಳಮಲೆಗಿಂತ ಕೆಳಗೆ ಇನ್ನೊಂದು ಊರಿಲ್ಲ. ನೆನ್ನೆ ಬಂದ ಗೆಟ್ಟವಾಡಿಯ ದೂರು ತಿಂಗಳಿಂದ ಕೂತ ತಾಳಮಲೆಗಿಂತ ಮೇಲೆ. ಇವತ್ತು ಬಂದದ್ದೂ ಮೇಲೆ. ನಾಳೆ ಬರುವುದೂ ಮೇಲೆಯೇ. ಕೆಳಗಿನ ಎಕ್ಸ್‌ಚೇಂಜುಗಳಲ್ಲಿ ಸಾಲು ನಂಬರಿನಿಂದ ಶುರುವಾಗುತ್ತಿತ್ತು, ಅಲ್ಲಿ ಒಂದೇ ಊರು ಹೀಗೆ ತಳ ಹಿಡಿಯುವ ಸಂಭವವಿಲ್ಲ. ನಾವು ಮಾತ್ರ "ಯಾವೂರು?" ಎಂದು ಕೇಳಿ ಊರನ್ನೇ ಮುಂದಿಟ್ಟವರು. ಪ್ರೀತಿಯಿಂದ ಕೇಳುವ ಪ್ರಶ್ನೆಯೇ ಆ ಊರನ್ನು ರಾಗಿಯ ಕಲ್ಲಿನಂತೆ ತಳಕ್ಕೆ ಇಳಿಸಿತ್ತು.

ಮುರುಗೇಶನ್ ಬಂದು ನೋಡಿದರು. ನನ್ನ ಮೇಲೆ ರೇಗಲಿಲ್ಲ, ಯಂತ್ರವನ್ನೂ ಬೈಯಲಿಲ್ಲ. "ಅಯ್ಯೋ," ಎಂದರು, "ಪ್ರೋಗ್ರಾಂ ಚೆನ್ನಾಗಿ ಕೆಲಸ ಮಾಡ್ತಾ ಇದೆ ಅಕ್ಕಾ. ಅದೇ ತೊಂದರೆ."

ಸಾಲಿನ ಮೊದಲಿಗೆ ದೂರು ಬಂದ ತಾರೀಕು ಹಾಕಿದರೆ ಹಳೆಯದು ಮೇಲೆ ಬರುತ್ತದೆ ಎಂದು ಇಬ್ಬರಿಗೂ ಹೊಳೆಯಿತು. ನಾನು ಎಲ್ಲ ಸಾಲುಗಳಿಗೂ ದಿನ, ತಿಂಗಳು, ವರ್ಷ ಎಂದು ಹಾಕಿದೆ. ಪ್ರೋಗ್ರಾಂ ಓಡಿತು. ತಾಳಮಲೆ ಮತ್ತೆ ತಳದಲ್ಲೇ! ಈ ತಿಂಗಳ ಮೂರನೇ ತಾರೀಕು, ತಾಳಮಲೆಯ ದೂರು ಬಂದ ಹೋದ ತಿಂಗಳ ಇಪ್ಪತ್ತೆಂಟಕ್ಕಿಂತ ಮೇಲೆ ಕೂತಿತ್ತು.

"ಅದಕ್ಕೆ ತಾರೀಕು ಅಂತ ತೆರಿಯಾದು ಅಕ್ಕಾ. ಮೊದಲನೇ ಅಕ್ಷರ ಏನು, ಎರಡನೇದು ಏನು, ಅಷ್ಟೇ."

ನಮ್ಮ ಅಪ್ಪ ಕಣದಲ್ಲಿ ರಾಗಿ ಅಳೆದು ಹೇಳುತ್ತಿದ್ದದ್ದು ನೆನಪಾಯಿತು. ಮೊದಲು ಖಂಡುಗ, ಆಮೇಲೆ ಕೊಳಗ, ಕೊನೆಗೆ ಸೇರು. ಸೇರಿನಿಂದ ಶುರುಮಾಡಿದರೆ ರಾಶಿ ಎಷ್ಟು ದೊಡ್ಡದು ಎಂದು ತಿಳಿಯುವುದೇ ಇಲ್ಲ. "ಸರ್, ವರ್ಷ ಮೊದಲು ಹಾಕಿ, ಆಮೇಲೆ ತಿಂಗಳು, ಆಮೇಲೆ ದಿನ ಹಾಕಿದರೆ?"

ಅವರು ಮೇಜು ಕುಟ್ಟಿದರು. "ಹಾಕಿ! ಒಂಟಿ ಅಂಕಿ ಬಂದರೆ ಮುಂದೆ ಸೊನ್ನೆ ಸೇರಿಸಿ. ಇಲ್ಲದಿದ್ದರೆ ಹತ್ತು ಎರಡಕ್ಕಿಂತ ಮೇಲೆ ಓಡ್ತದೆ."

ಮತ್ತೆ ಎಲ್ಲವನ್ನೂ ತಿದ್ದಿದೆ. ಕಾಫಿ ಆರಿತು. ಪ್ರಿಂಟರು ಕರ್ರೋ ಎಂದಿತು. ಮೊದಲ ಸಾಲು ಹೊರಗೆ ಬಂತು: ತಾಳಮಲೆ.

ಮರುದಿನ ಬೆಳಿಗ್ಗೆ ಸಿದ್ದರಾಜು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಕಾಗ್ದ ತಲೆಕೆಳ್ಗಾಗಿ ಆಕಿದ್ದೀಯಾ ಅಕ್ಕಾ?"

"ಇಲ್ಲ ಕಣೋ. ನೀನು ಚೀಟಿ ಬೋರಲು ಹಾಕ್ತಿದ್ದೆಯಲ್ಲ, ಅದನ್ನ ಈಗ ಇದಕ್ಕೆ ಕಲಿಸಿದ್ದೀವಿ."

"ಕಲ್ಸಿದ್ದೀರಿ ಸರಿ. ಬೆಳಿಗ್ಗೆ ತಾಳಮಲೆ, ಮದ್ಯಾನ್ನ ಗೆಟ್ಟವಾಡಿ, ಸಂಜೆ ಪಣಕಳ್ಳಿ ಅಂದ್ರ ನಾನೇನ್ ಗಾಳೀಲಿ ಆರ್ಕಂಡ್ ಓಗನಾ?" ಎಂದು ಗೊಣಗಿದ. ಅದೂ ನ್ಯಾಯವೇ. ಅಲ್ಲೇ ನಿಂತು ಒಂದು ಒಪ್ಪಂದ ಮಾಡಿಕೊಂಡೆವು. ಪಟ್ಟಿಯ ಮೊದಲ ಸಾಲು ಆ ದಿನದ ದಿಕ್ಕು. ಆ ದಾರಿಯಲ್ಲಿ ಸಿಗುವ ಬೇರೆ ದೂರುಗಳಿಗೆ ನಾನು ಪೆನ್ನಿನಲ್ಲಿ ಗುರುತು ಹಾಕಿ ಕೊಡುವುದು, ಉಳಿದದ್ದು ನಾಳೆಗೆ. ನಾನು ಕೆಲಸ ಬಿಡುವ ತನಕ ಅದೇ ನಡೆಯಿತು. ಮಗಳೇ, ನಿನ್ನ ಕಂಪನಿಯಲ್ಲಿ ಎಷ್ಟು ದೊಡ್ಡ ಯಂತ್ರವಿದ್ದರೂ ವಾರಕ್ಕೊಮ್ಮೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದು. ಹೋದ ವಾರ ತಳದಲ್ಲಿದ್ದವರು ಈ ವಾರವೂ ಅಲ್ಲೇ ಇದ್ದರೆ ಏಳು, ಎದ್ದು ಹೋಗಿ ಯಾರನ್ನಾದರೂ ಕೇಳು.

ತಿಂಗಳ ಕೊನೆ ಹತ್ತಿರವಾಗಿತ್ತು. ಮುರುಗೇಶನ್ ಮೇಲಿನ ಕಚೇರಿಗೆ ಫೋನು ಮಾಡಿ, ತಪ್ಪು ಎಲ್ಲಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಕಡೆಯವರು ಸ್ವಲ್ಪ ಹೊತ್ತು ಗದರಿದರಂತೆ. ಕೊನೆಗೆ, "ಕಳಚುವ ಗಾಡಿ ನಾಳೆ ಹೊರಡುತ್ತದೆ. ಅದರೊಳಗೆ ಫೋನು ಬದುಕಿದರೆ ತಾಳಮಲೆಯನ್ನು ಬಿಡುತ್ತೇವೆ" ಎಂದರು. ಸಿದ್ದರಾಜು ಪೆಟ್ಟಿಗೆಯ ಬಿಡಿಭಾಗ, ಹೊಸ ಬ್ಯಾಟರಿ ಎಲ್ಲವನ್ನೂ ಮುರುಗೇಶನ್ ಅವರ ಬೈಕಿನ ಹಿಂದೆ ಕಟ್ಟಿಕೊಂಡು ಹೊರಟ.

ನಾನು ಎಕ್ಸ್‌ಚೇಂಜು ಬಿಡುವಂತಿಲ್ಲ. ಅವನು ಮುಟ್ಟಿರಬಹುದು ಎನ್ನಿಸಿದ ಹೊತ್ತಿನಿಂದ ತಾಳಮಲೆಗೆ ನಂಬರು ಒತ್ತುವುದು, ಏನೂ ಇಲ್ಲ, ಇಡುವುದು. ಊಟದ ಡಬ್ಬಿ ತೆಗೆದೆ, ಮುದ್ದೆ ಮುರಿದೆ, ಮತ್ತೆ ಕೈ ತೊಳೆದು ನಂಬರು ಒತ್ತಿದೆ. ಏನೂ ಇಲ್ಲ. ಆ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಕಿಟಕಿಯಲ್ಲಿ ತಲೆ ಹಾಕಿ, "ನಿಮ್ಮ ಸಿದ್ದ ದಾರೀಲಿ ನಿಂತವ್ನೆ ಕಣಕ್ಕಾ. ಮರಿ ಆಕಿರೊ ಆನೆ ರಸ್ತೇಲಿ ಅದ. ನಮ್ಮನ್ನೂ ಕಾಯಿಸ್ಬುಡ್ತು" ಎಂದು ಹೇಳಿಹೋದ. ಮುರುಗೇಶನ್ ತಮ್ಮ ಕೋಣೆಯಿಂದ ಹೊರಗೆ ಬಂದು ಗಡಿಯಾರ ನೋಡಿದರು, ಒಳಗೆ ಹೋದರು, ಮತ್ತೆ ಬಂದರು.

ಬಿಸಿಲು ಬಾಗಿಲು ದಾಟಿ ಬ್ಯಾಟರಿ ಕೋಣೆಯ ಗೋಡೆ ಮುಟ್ಟಿತ್ತು. ಮತ್ತೊಮ್ಮೆ ಒತ್ತಿದೆ. ಆ ಕಡೆ ಗಂಟೆ ಹೊಡೆಯಿತು. ನನ್ನ ಕೈ ತಾನಾಗಿ ಮುರುಗೇಶನ್ ಅವರನ್ನು ಕರೆಯಿತು. ಅವರು ಓಡಿ ಬಂದು ಪಕ್ಕದಲ್ಲಿ ಬಗ್ಗಿ ನಿಂತರು.

ಯಾರೋ ಎತ್ತಿದರು. ಉಸಿರಿನ ಸದ್ದು. ದೂರದಲ್ಲಿ ಸಿದ್ದರಾಜುವಿನ ದನಿ: "ಮಾತಾಡವ್ವೋ, ಕಚ್ಚಾಕಿಲ್ಲ ಅದು!" ಆಮೇಲೆ ಜಡೆಯಮ್ಮನ ದನಿ, ಗಟ್ಟಿಯಾಗಿ, ನಮ್ಮೆಲ್ಲರ ಹಾಗೆ:

"ಯಾವೂರು?"

"ತಾಳವಾಡಿ ಕಣವ್ವ" ಎಂದೆ. "ನಾನು, ನಾಗಮ್ಮಣ್ಣಿ."

"ನೀನಾ? ಮಳೆ ಉಯ್ತಾ ಅಲ್ಲಿ?"

"ಇಲ್ಲ ಜಡೆಯಮ್ಮ. ಬಿಸಿಲಿದೆ."

"ಇಲ್ಲೂ ಬಿಸ್ಲೇ. ಸರಿ, ಪೋನ ಮಡುಗವ್ವ ಬೇಗ. ಭದ್ರಿಗೆ ಮಾಡ್ಬೇಕು."

ಮಡುಗಿದೆ.